ರೆಹಮಾನನ ಡಿ ಡ್ರೈವ್

ಜುಲೈ ೭, ೨೦೨೫, ಸೋಮವಾರ

ಸ್ವಸ್ತಿ ಶ್ರೀ! ಸಮಸ್ತ ಫೋಲ್ಡರ್ ಮಂಡಲಾಧೀಶ್ವರ, ಕಡತ ಕುಲತಿಲಕ, ಮೌಸ್ ಮಾರ್ತಾಂಡ, ಅರಿ ವೈರಸ್ ಭಯಂಕರ, ಕೀಲಿಮಣೆಯ ಮೇಲೆ ಚಹಾ ಚೆಲ್ಲಿಯೂ ಒಪ್ಪಿಕೊಳ್ಳದ ಏಕಾಂಗವೀರ, ಗಂಗಾವತಿ ಬಸ್ ನಿಲ್ದಾಣದ ಎದುರಿನ ಕೊಟ್ರಬಸಪ್ಪನವರ ಕಂಪ್ಯೂಟರ್ ಅಂಗಡಿಯಲ್ಲಿ ಒಂದು ಕಾಲು ಮುರಿದ ಎರಡನೇ ಕುರ್ಚಿಯ ಸಿಂಹಾಸನಾರೂಢ, ಶ್ರೀಮನ್ಮಹಾ ದುರಗೇಶನು ತನ್ನ ದಿನಚರಿಗೆ ಸುಖದಿಂದ ನಿರೂಪಿಸುವುದೇನೆಂದರೆ:

ಇಂದು ನಮ್ಮ ಆಸ್ಥಾನಕ್ಕೆ ಒಂದು ಶವ ಬಂದಿತು.

ಬೆಡ್‌ಶೀಟಿನಲ್ಲಿ ಸುತ್ತಿ, ಆಟೊದಲ್ಲಿ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಗಂಡ ಹೆಂಡತಿ ಇಬ್ಬರೂ ಒಂದೊಂದು ಕೈ ಹಿಡಿದು ತಂದರು. ಮೇಜಿನ ಮೇಲೆ ಇಳಿಸಿ ಬಿಚ್ಚಿದರೆ ಹಳೇ ಸಿಪಿಯು. ನಾನು ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಿದೆ. ಪಕ್ಕದ ಕುರ್ಚಿಯ ಹೇಮಾವತಿ ಮೇಜಿನ ಕೆಳಗಿಂದ ನನ್ನ ಕಾಲು ತುಳಿದಳು. ಯಾಕೆ ತುಳಿದಳೆಂದು ಐದು ನಿಮಿಷದ ನಂತರ ತಿಳಿಯಿತು.

ಬಂದವರು ಹನುಮನಹಳ್ಳಿಯ ಶಾಮೀದಸಾಬ ಮತ್ತು ಸೈದಾನಬಿ. ಮೊದಲು ಹಂಪಿಯ ಎದುರು ನದಿಯ ನಡುವಿನ ವಿರೂಪಾಪುರಗಡ್ಡೆಯಲ್ಲಿ ವಿದೇಶಿಯರಿಗಾಗಿ ಎಂಟು ಗುಡಿಸಲು ಹಾಕಿಕೊಂಡಿದ್ದರು. ಸರ್ಕಾರದವರು ಅಲ್ಲಿಯದನ್ನೆಲ್ಲ ತೆರವು ಮಾಡಿದ ಮೇಲೆ ಈಗ ಹನುಮನಹಳ್ಳಿಯಲ್ಲಿ ಅಂಜನಾದ್ರಿಗೆ ಬರುವ ಭಕ್ತರಿಗೆ ನಾಲ್ಕು ಕೋಣೆ ಬಾಡಿಗೆಗೆ ಕೊಡುತ್ತಾರೆ. ಗಡ್ಡೆಯ ಕಾಲದಲ್ಲಿ ಅವರಿಗೊಂದು ಜಾಲತಾಣ ಇತ್ತು. ಮಗ ರೆಹಮಾನ ಮಾಡಿದ್ದು. ಅವನು ಎರಡು ವರ್ಷದ ಹಿಂದೆ ಕಾಮಾಲೆಯಾಗಿ ಹೋದ. ಅವನ ಹಿಂದೆಯೇ ಜಾಲತಾಣವೂ ಇಂಟರ್ನೆಟ್ಟಿನಿಂದ ಹೋಯಿತು. ಈಗ ಅದು ಇರುವುದು ಈ ಡಬ್ಬಿಯೊಳಗೆ ಮಾತ್ರ. ಶಾಮೀದಸಾಬರಿಗೆ ಬೇಕಾದದ್ದು ಹೊಸದು: ಮುಖಪುಟ, ಕೋಣೆಗಳು, ಊಟ, ದಾರಿ ಮತ್ತು ಫೋನ್ ನಂಬರು. ಶ್ರಾವಣದ ಮೊದಲ ಶನಿವಾರದೊಳಗೆ.

ಸೈದಾನಬಿಗೆ ಬೇಕಾದದ್ದು ಬೇರೆ. ದಿನಾ ಬೆಳಿಗ್ಗೆ ಭಕ್ತರಿಗೆ ನೀರು ಕಾಯಿಸಿ ಕೊಟ್ಟ ಮೇಲೆ ಆಕೆ ಈ ಯಂತ್ರದ ಮುಂದೆ ಕೂಡುತ್ತಾಳೆ. ಮಗ ಕಲಿಸಿದ್ದು ಒಂದೇ ದಾರಿ: ಪರದೆಯ ಮೇಲಿನ ಚಿತ್ರವನ್ನು ಎರಡು ಸಲ ಒತ್ತುವುದು, ತೆರೆದ ಪುಟದಲ್ಲಿ ಮೂರನೇ ಶಬ್ದ ಒತ್ತುವುದು. ಅಲ್ಲಿ ರೆಹಮಾನನ ಫೋಟೊ ಬರುತ್ತದೆ. ಮನೆಯಲ್ಲಿ ಕ್ಯಾಮೆರಾ ಹಿಡಿಯುವವನು ಅವನೇ ಆಗಿದ್ದರಿಂದ ಅವನದು ಇರುವುದು ಇದೊಂದೇ. ಆಧಾರ್ ಕಾರ್ಡಿನಲ್ಲಿ ಒಂದಿದೆಯಂತೆ, ಅದರಲ್ಲಿ ಕಳ್ಳನ ಹಾಗಿದ್ದಾನಂತೆ.

"ಅವನ ಫೋನಿನ ಲಾಕ್ ತೆಗೀರಿ ಅಂತ ಒಬ್ಬರಿಗೆ ಕೊಟ್ವಿ. ಎಲ್ಲಾ ಒರಿಸಿ ಕೈಯಾಗಿಟ್ಟ," ಎಂದಳು. "ನೀ ಹಂಗ ಒರಿಸಬ್ಯಾಡ ಬೇಟಾ."

ನಾನು ಎದೆಯ ಮೇಲೆ ಕೈಯಿಟ್ಟು, ಅವರ ಮಗ ನನ್ನ ಕೈಯಲ್ಲಿ ಹೂವಿನ ಹಾಗೆ ಇರುತ್ತಾನೆಂದು ಗಂಭೀರವಾಗಿ ಘೋಷಿಸಿದೆ. ಆಕೆ ನನ್ನ ಮುಖ ನೋಡುತ್ತಾ ಸೆರಗಿನ ತುದಿಯಿಂದ ನನ್ನ ಕಿವಿಯ ಹಿಂದೆ ಒರೆಸಿದಳು. ನಿನ್ನೆ ಮೊಹರಮ್ಮಿನ ಅಲಾಯಿ ಹಬ್ಬದಲ್ಲಿ ಹುಲಿವೇಷ ಹಾಕಿದ್ದ ಹಳದಿ ಬಣ್ಣ ಇನ್ನೂ ಹೋಗಿರಲಿಲ್ಲ. ತಮ್ಮ ಮಗನೂ ಹುಲಿ ಆಗುತ್ತಿದ್ದನೆಂದು ಹೇಳಿದಳು.

ಊರು ಯಲಬುರ್ಗಿಯಿಂದ ನಮ್ಮ ಯವ್ವನ ಫೋನು ಮೂರು ಸಲ ಬಂದಿತ್ತು. ಸಾಮ್ರಾಜ್ಯದ ಕೆಲಸದಲ್ಲಿ ನಿರತನಾಗಿದ್ದರಿಂದ ಸ್ವೀಕರಿಸಲಾಗಲಿಲ್ಲ.

ಜುಲೈ ೮, ಮಂಗಳವಾರ

ದಿಗ್ವಿಜಯ ಆರಂಭ.

ಶವ ಜೀವಂತವಿದೆ. ಆದರೆ ಗಡಿಯಾರದ ಸೆಲ್ ಸತ್ತಿದ್ದರಿಂದ ಎಷ್ಟು ಸಲ ಎಬ್ಬಿಸಿದರೂ ೨೦೦೯ರ ಜನವರಿ ಒಂದಕ್ಕೇ ಏಳುತ್ತದೆ. ಅದರ ಪಂಚಾಂಗದಲ್ಲಿ ರೆಹಮಾನ ಇನ್ನೂ ಶಾಲೆಗೆ ಹೋಗುವ ಹುಡುಗ. ಒಳಗಿನಿಂದ ಆಗಾಗ ಟಕ್ ಟಕ್ ಎಂದು ಯಾರೋ ಬೆರಳಿನ ನೆಟಿಗೆ ತೆಗೆದ ಸದ್ದು ಬರುತ್ತದೆ. ಹಾರ್ಡ್ ಡಿಸ್ಕ್ ಮುದಿಯಾಗಿದೆ.

ಫೋಲ್ಡರುಗಳ ಸ್ಥಿತಿಯನ್ನು ವರ್ಣಿಸಲು ಆಸ್ಥಾನಕವಿ ಬೇಕು. 'ಹೊಸದು' ಎಂಬುದರೊಳಗೆ 'ಹೊಸದು ಎರಡು', ಅದರೊಳಗೆ 'ಇದೇ ಕೊನೆ', ಅದರೊಳಗೆ 'ಕೊನೆ ಅಲ್ಲ', ಅದರೊಳಗೆ 'ಈಗ ನಿಜವಾಗಿ'. ಅಷ್ಟು ಬಾಗಿಲು ದಾಟಿದ ಮೇಲೆ ಒಂಬತ್ತು ಪುಟಗಳು. ಚಿತ್ರಗಳು ಪುಟಗಳ ಹತ್ತಿರ ಇಲ್ಲವೇ ಇಲ್ಲ. ನಲವತ್ತೊಂದು ಚಿತ್ರ ಡಿ ಡ್ರೈವಿನ ತುಂಬ ಕುರಿಗಳ ಹಾಗೆ ಚೆದುರಿ ಮೇಯುತ್ತಿವೆ.

ಕೊಟ್ರಬಸಪ್ಪನವರು ಹಿಂದೆ ನಿಂತು ಬೋಧಿಸಿದರು. ಅವರ ಪ್ರಕಾರ ಜಾಲತಾಣ ಎಂದರೆ ಮನೆ. ಮುಖಪುಟ ತಲೆಬಾಗಿಲು, ಅದು ಎಲ್ಲಕ್ಕಿಂತ ಹೊರಗೆ ನಿಲ್ಲಬೇಕು. ಉಳಿದ ಪುಟಗಳಿಗೆ ಒಂದು ಕೋಣೆ, ಚಿತ್ರಗಳಿಗೆ ಒಂದು ಕೋಣೆ, ಬಣ್ಣ ಅಲಂಕಾರದ ಫೈಲಿಗೆ ಒಂದು ಕೋಣೆ. ಹೆಸರು ಸಣ್ಣವಿರಬೇಕು, ಎಲ್ಲ ಒಂದೇ ತರಹ ಇರಬೇಕು. ಇದೆಲ್ಲ ನನಗೆ ಗೊತ್ತು. ಕಡೆಗೆ ಒಂದು ಮಾತು ಹೇಳಿದರು: "ತಮ್ಮಾ, ಮೊದ್ಲ ಕಾಪಿ ತಗೋ. ಆಮ್ಯಾಲ ಕೈ ಹಚ್ಚು." ಅಪ್ಪಣೆ ಎಂದೆ.

ಕಾಪಿ ತೆಗೆಯಲು ನೋಡಿದರೆ ಯಂತ್ರ ತೆವಳುತ್ತಿತ್ತು. ಹಾಗಾಗಿ ಮೊದಲು ಕಸ ಗುಡಿಸೋಣವೆಂದು ಡಿ ಡ್ರೈವಿಗೆ ದಂಡೆತ್ತಿ ಹೋದೆ. ಹಳೇ ಆಟಗಳು, ಯಾವುದೋ ಪ್ರಿಂಟರಿನ ಸಾಮಾನು, ಒಂದನ್ನೊಂದು ಕಂಡರಾಗದ ಮೂರು ಆಂಟಿವೈರಸ್‌ಗಳು ಎಲ್ಲ ಧರಾಶಾಯಿ. ಒಂದು ಫೋಲ್ಡರಿನ ಹೆಸರೇ 'ವೈರಸ್ ಮುಟ್ಟಬ್ಯಾಡ್ರಿ'. ತನ್ನ ಹೆಸರು ತಾನೇ ಹಣೆಗೆ ಬರೆದುಕೊಂಡು ಕೂತ ವೈರಸ್ಸನ್ನು ನಾನು ಇದೇ ಮೊದಲು ಕಂಡದ್ದು. ನಮ್ಮ ಬಿರುದಿನ ಮರ್ಯಾದೆ ಉಳಿಯಬೇಡವೆ? ಕಸದ ಬುಟ್ಟಿಗೂ ಹೋಗದ ಹಾಗೆ, ಶಿಫ್ಟ್ ಒತ್ತಿ, ನೇರ ಕೈಲಾಸಕ್ಕೆ ಕಳಿಸಿದೆ.

ವಿಜಯದ ನೆನಪಿಗೆ ಮುಖ್ಯ ಫೋಲ್ಡರಿನಲ್ಲಿ ಒಂದು ಶಾಸನ ಹಾಕಿಸಿದೆ. ಆನೆಗೊಂದಿಯ ಕಲ್ಲುಗಳ ಮೇಲಿರುವಂತೆ ತುದಿಯಲ್ಲಿ ಸೂರ್ಯ ಚಂದ್ರ, ಕೆಳಗೆ: 'ಈ ಫೋಲ್ಡರ್ ಧರ್ಮವನ್ನು ಪಾಲಿಸಿದವನಿಗೆ ಪುಣ್ಯ. ಇದರೊಳಗಿನದನ್ನು ಅಳಿಸಿದವನು ತುಂಗಭದ್ರೆಯ ತಡಿಯಲ್ಲಿ ಸಾವಿರ ಕವಿಲೆ ಕೊಂದ ಪಾಪಕ್ಕೆ ಹೋಗುವನು. ಅವನ ಕಣ್ಣ ಮುಂದೆ ಎಂದೂ ಪುಟ ತೆರೆಯದಿರಲಿ.'

ಹೇಮಾವತಿ ಓದಿ, ನನಗೆ ಕೊಡುವ ಸಂಬಳವನ್ನು ಕವಿಲೆಗಳಿಗೆ ಹಾಕಿದ್ದರೆ ಹಾಲಾದರೂ ಸಿಗುತ್ತಿತ್ತು ಎಂದಳು.

ಜುಲೈ ೯, ಬುಧವಾರ

ಪುಟಗಳನ್ನು ಅಂಗಡಿಯ ಯಂತ್ರಕ್ಕೆ ತಂದು ತೆರೆದೆ. ಒಂದೂ ಚಿತ್ರ ಇಲ್ಲ. ಪುಟದ ತುಂಬ ಬೂದು ಬಣ್ಣದ ಖಾಲಿ ಚೌಕಟ್ಟುಗಳು, ಮೂಲೆಯಲ್ಲಿ ಹರಿದ ಕಾಗದದ ಗುರುತು.

ಕಾರಣ ಸರಳ. ರೆಹಮಾನ ಪ್ರತಿ ಚಿತ್ರಕ್ಕೂ ತನ್ನ ಡಿ ಡ್ರೈವಿನ ವಿಳಾಸ ಕೊಟ್ಟಿದ್ದಾನೆ. ಪರ ಊರಿನವನು ದಾರಿ ಕೇಳಿದರೆ 'ನಮ್ಮ ಮನೆಯ ಎಡಕ್ಕೆ' ಎಂದ ಹಾಗೆ. ಅವನ ಯಂತ್ರದಲ್ಲಿ ಎಲ್ಲ ಚಿತ್ರ ಝಗಝಗ, ಜಗತ್ತಿನ ಇನ್ಯಾವ ಯಂತ್ರದಲ್ಲೂ ಒಂದೂ ಇಲ್ಲ. ಜಾಲತಾಣ ಚಾಲ್ತಿಯಲ್ಲಿದ್ದಷ್ಟು ಕಾಲವೂ ದೇಶವಿದೇಶದವರು ಖಾಲಿ ಚೌಕಟ್ಟು ನೋಡಿದ್ದಾರೆ, ಇವನು ಮಾತ್ರ ಮನೆಯಲ್ಲಿ ಕೂತು ಚೆಂದ ಬಂದಿದೆ ಎಂದುಕೊಂಡಿದ್ದಾನೆ.

ನಗಬೇಕೆಂದು ಬಾಯಿ ತೆರೆದೆ. ಆಗ ಚೌಕಟ್ಟಿನೊಳಗೆ ಸಣ್ಣ ಅಕ್ಷರ ಕಂಡವು.

ಚಿತ್ರ ಬಾರದಿದ್ದಾಗ ಅದರ ಜಾಗದಲ್ಲಿ ತೋರಿಸಲೆಂದು ಒಂದು ಸಾಲು ಬರೆದಿಡುವ ಪದ್ಧತಿ ನಮ್ಮ ಕಸುಬಿನಲ್ಲಿದೆ. ಚಿತ್ರ ಬಂದರೆ ಆ ಸಾಲು ಕಾಣುವುದಿಲ್ಲ. ಸಾಮಾನ್ಯವಾಗಿ ಎಲ್ಲರೂ 'ಕೋಣೆ', 'ನದಿ' ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ರೆಹಮಾನ ಇಂಗ್ಲಿಷ್ ಪುಟಗಳ ಹೊಟ್ಟೆಯೊಳಗೆ ಕನ್ನಡದಲ್ಲಿ ಹರಟಿದ್ದಾನೆ.

'ಒಂದನೇ ಗುಡಿಸಲು. ಬಾಗಿಲ ಬಡೀಬ್ಯಾಡ್ರಿ, ಬೀಳ್ತೈತಿ.'

'ಸೂರ್ಯ ಮುಳುಗೋದು. ದಿನಾ ಮುಳುಗ್ತೈತಿ, ಆದ್ರೂ ಇವರು ಚಪ್ಪಾಳಿ ಹೊಡಿತಾರ.'

'ಅಮ್ಮಿ ಮಾಡಿದ ಪುಂಡಿಪಲ್ಯ. ಮೆನುದಾಗ ಇಟಾಲಿಯನ್ ಅಂತ ಹಾಕೀನಿ.'

'ಅಬ್ಬಾ ನಕ್ಕಿದ್ದು. ಹಿಂತಾದ್ದು ಇದೊಂದ ಐತಿ, ಭದ್ರ.'

ಅವನ ಮನೆಯವರಿಗೆ ಈ ಸಾಲುಗಳು ಕಂಡಿಲ್ಲ, ಯಾಕೆಂದರೆ ಅವರ ಯಂತ್ರದಲ್ಲಿ ಚಿತ್ರ ಬರುತ್ತವೆ. ಕಂಡವರಿಗೆ ಕನ್ನಡ ಬರುವುದಿಲ್ಲ. ಓದಿದ ಮೊದಲ ಮನುಷ್ಯ ನಾನು. ಬೆನ್ನ ಹಿಂದೆ ಅವನ ಯಂತ್ರ ಟಕ್ ಟಕ್ ಎಂದು ನೆಟಿಗೆ ತೆಗೆಯಿತು.

ಜುಲೈ ೧೧, ಶುಕ್ರವಾರ

ವಿಳಾಸಗಳನ್ನು ಒಂದೊಂದಾಗಿ ಸರಿಪಡಿಸುತ್ತಿದ್ದೇನೆ. ಚಿತ್ರಗಳ ಕಾಪಿಗಳನ್ನೆಲ್ಲ ಅವನ ಡಿ ಡ್ರೈವಿನಲ್ಲೇ ಒಂದು ಕೋಣೆಗೆ ತುಂಬಿ, ಅದನ್ನು ಅಂಗಡಿಯ ಯಂತ್ರಕ್ಕೂ ತಂದು, 'ಪಕ್ಕದ ಕೋಣೆಯಲ್ಲಿದೆ' ಎಂದು ಪುಟಗಳಿಗೆ ಹೇಳುವುದು. ಹಾಗೆ ಹೇಳಿದ ಕೂಡಲೇ ಚಿತ್ರ ಬರುತ್ತದೆ, ಮಾತು ಮಾಯವಾಗುತ್ತದೆ.

ಆರನೇ ಗುಡಿಸಲಿನದು ಇಡೀ ಮಧ್ಯಾಹ್ನ ಸರಿಪಡಿಸದೆ ಬಿಟ್ಟೆ. 'ಇಲ್ಲಿ ಒಬ್ಬಾಕಿ ಮೂರು ತಿಂಗಳಿದ್ಲು. ಹೋಗುವಾಗ ಅಮ್ಮಿಗೆ ಕೊಳಲು ಕೊಟ್ಲು. ಅಮ್ಮಿ ಅದರಿಂದ ಒಲಿ ಊದ್ತಾಳ.' ಕಡೆಗೆ ವಿಳಾಸ ತಿದ್ದಿದೆ. ಗುಡಿಸಲು ಬಂದಿತು. ಮುಂದೆ ಜೋಕಾಲಿ ಹಾಸಿಗೆ, ಹಿಂದೆ ಹಸಿರು ಗದ್ದೆ. ಆ ಜಾಗದಲ್ಲಿ ಈಗ ಏನೂ ಇಲ್ಲ. ಇಲ್ಲದ ಮನೆಗೆ ಸರಿಯಾದ ವಿಳಾಸ ಕೊಡುವ ಕೆಲಸ ಮಾಡುತ್ತಿದ್ದೇನೆ ಎಂದು ಹೇಮಾವತಿಗೆ ಹೇಳಿದೆ. ಮೂರು ದಿನದಿಂದ ನಾನು ಒಬ್ಬನೇ ನಗುತ್ತಿದ್ದೇನೆಂದೂ ಊಟದ ಡಬ್ಬಿ ಹಾಗೇ ಒಯ್ಯುತ್ತಿದ್ದೇನೆಂದೂ ಅವಳು ಹೇಳಿದಳು.

ನಲವತ್ತು ಓದಿ ಮುಗಿಸಿದೆ. ನನಗಿಂತ ದೊಡ್ಡ ಕಿಡಿಗೇಡಿ. ಬದುಕಿದ್ದರೆ ಇಬ್ಬರಲ್ಲಿ ಒಬ್ಬರು ಊರು ಬಿಡಬೇಕಾಗುತ್ತಿತ್ತು.

ಉಳಿದದ್ದು ಒಂದು, ಮೂರನೇ ಪುಟದ್ದು. ಸೈದಾನಬಿ ದಿನಾ ನೋಡುವುದು. ಸೋಮವಾರಕ್ಕೆ ಇಟ್ಟಿದ್ದೇನೆ.

ಜುಲೈ ೧೪, ಸೋಮವಾರ

ಇದನ್ನು ಕಲ್ಲಿನ ಮೇಲೆ ಕೆತ್ತಿದಂತೆ ಬರೆಯುತ್ತಿದ್ದೇನೆ. ಉತ್ಪ್ರೇಕ್ಷೆ ಇಲ್ಲ.

ಮೂರನೇ ಪುಟ ತೆರೆದೆ. ನಲವತ್ತೊಂದನೇ ಚೌಕಟ್ಟಿನಲ್ಲಿ ಈ ಸಾಲು ಸಿಕ್ಕಿತು:

'ನಾ ಇಲ್ಲೇ ಕುಂತೀನಿ ಯವ್ವಾ. ಚಿತ್ರ ಕಾಣಲಿಲ್ಲಂದ್ರ ನಾ ಇಲ್ಲಂತ ತಿಳೀಬ್ಯಾಡ.'

ಹೇಮಾವತಿಯನ್ನು ಕರೆದು ತೋರಿಸಿದೆ. ಓದಿ ಎರಡು ಹೆಜ್ಜೆ ಹಿಂದೆ ಸರಿದಳು. ಆಮೇಲೆ ನನ್ನ ಮುಖ ಪರೀಕ್ಷಿಸಿ, "ಲೇ ದುರಗ್ಯಾ, ಇದು ನಿಂದ ಆಟ. ಅವನ ಕಂಪ್ಯೂಟರಿನಾಗ ತೋರ್ಸು, ನಂಬ್ತೀನಿ," ಎಂದಳು. ಅವನ ಯಂತ್ರ ಎಬ್ಬಿಸಿ, ಸೈದಾನಬಿಯ ದಾರಿಯಲ್ಲೇ ಹೋಗಿ ಮೂರನೇ ಶಬ್ದ ಒತ್ತಿದೆ. ಅಲ್ಲಿಯೂ ಅದೇ ಸಾಲು ಬಂದಿತು. ಹೇಮಾವತಿ ಆ ಪುಟದ ತಾರೀಕು ತೆಗೆದು ನೋಡಿದಳು. ೨೦೦೯, ಜನವರಿ ಒಂದು. ಆಗ ಜಾಲತಾಣ ಹುಟ್ಟಿರಲೇ ಇಲ್ಲ.

ಅವಳು ಬ್ಯಾಗು ತೆಗೆದುಕೊಂಡು ಮನೆಗೆ ಹೋದಳು. ಕೊಟ್ರಬಸಪ್ಪನವರು ಎರಡು ಊದಿನಕಡ್ಡಿ ಹಚ್ಚಿ ಸಿಪಿಯು ಪಕ್ಕದ ಸಂದಿಯಲ್ಲಿ ಸಿಗಿಸಿದರು.

ನನ್ನ ಮೈಮೇಲಿನ ರೋಮ ನಿಂತವು. ಇದು ಸುಳ್ಳಲ್ಲ.

ಜುಲೈ ೧೫, ಮಂಗಳವಾರ

ಅವನ ಯಂತ್ರದಲ್ಲಿ ಸಾಲು ಕಾಣಬಾರದಿತ್ತು. ಅಲ್ಲಿ ಚಿತ್ರ ಬರಬೇಕಿತ್ತು.

ಬೆಳಿಗ್ಗೆ ಚಹಾ ಕುಡಿಯುವಾಗ ಇದು ಹೊಳೆಯಿತು. ಓಡಿ ಬಂದು ಆ ಚಿತ್ರದ ವಿಳಾಸ ತೆಗೆದು ನೋಡಿದೆ. ಡಿ ಡ್ರೈವ್, ಅದರೊಳಗೆ 'ವೈರಸ್ ಮುಟ್ಟಬ್ಯಾಡ್ರಿ', ಅದರೊಳಗೆ 'ನಾನು'.

ಜುಲೈ ೧೬, ಬುಧವಾರ

ಅಳಿಸಿದ್ದನ್ನು ಹುಡುಕಿ ತರುವ ಒಂದು ತಂತ್ರಾಂಶ ಇದೆ. ಬೆಳಿಗ್ಗೆ ಹತ್ತಕ್ಕೆ ಬಿಟ್ಟದ್ದು ಸಂಜೆ ಐದರವರೆಗೆ ಆ ಮುದಿ ಡಿಸ್ಕನ್ನು ತಡಕಿತು. ನಾನು ಎದ್ದು ಹೋಗಲಿಲ್ಲ. ನೆಟಿಗೆ ಸದ್ದು ಎಣಿಸಲು ಶುರು ಮಾಡಿ, ನಾನೂರಕ್ಕೆ ಬಿಟ್ಟೆ.

ಪ್ರಿಂಟರಿನ ಸಾಮಾನು ಪೂರ್ತಿ ಬಂದಿತು. ಆಟಗಳು ಬಂದವು. 'ನಾನು' ಎಂಬ ಚಿತ್ರದ ಮೇಲ್ಭಾಗದ ಒಂದು ಪಟ್ಟಿ ಬಂದಿತು: ಆಕಾಶ, ಬಂಡೆಗುಡ್ಡದ ನೆತ್ತಿ, ಹಾರುವ ಒಂದು ಕೊಕ್ಕರೆ. ಅದರ ಕೆಳಗೆಲ್ಲ ಬೂದಿ ಬಣ್ಣ. ತಲೆ ಶುರುವಾಗಬೇಕಾದ ಜಾಗದಲ್ಲೇ ನಿಂತಿದೆ. ಕೊಕ್ಕರೆ ಎಷ್ಟು ಸ್ಪಷ್ಟವಾಗಿದೆಯೆಂದರೆ ಕಾಲು ಕೂಡ ಕಾಣುತ್ತವೆ.

ಅಳಿಸಿ ಖಾಲಿಯಾದ ಜಾಗದ ಮೇಲೆ ನಾನೇ ಚಿತ್ರಗಳ ಕೋಣೆ, ಶಾಸನ ಎಂದು ಹೊಸ ಫೈಲುಗಳನ್ನು ಹೇರಿಟ್ಟಿದ್ದರಿಂದ ಹಳೆಯದು ಅಳಿಸಿ ಹೋಗಿದೆ ಎಂದು ಕೊಟ್ರಬಸಪ್ಪನವರು ಹೇಳಿದರು. ಬೈಯಲಿಲ್ಲ. ಕಾಪಿ ತೆಗೆದುಕೊಂಡಿದ್ದೆಯಾ ಎಂದೂ ಕೇಳಲಿಲ್ಲ. ಹೋಗಿ ಹೇಳಿ ಬಾ ಎಂದಷ್ಟೇ ಅಂದರು.

ಜುಲೈ ೧೭, ಗುರುವಾರ

ಹೋಗಲಿಲ್ಲ.

ಜುಲೈ ೧೯, ಶನಿವಾರ

ಹೋದೆ. ಹೇಳಲಿಲ್ಲ.

ಶನಿವಾರವಾದ್ದರಿಂದ ಹನುಮನಹಳ್ಳಿಯ ರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಟ್ಟ ಇಳಿದು ಬಂದವರು ಶಾಮೀದಸಾಬರ ಕಟ್ಟೆಯ ಮೇಲೆ ಕಾಲು ಒತ್ತಿಕೊಳ್ಳುತ್ತಾ ಕೂತಿದ್ದರು. ಅವರು ಇಬ್ಬರು ಭಕ್ತರ ಜೊತೆ ಕೋಣೆಯ ಬಾಡಿಗೆಗೆ ಚೌಕಾಸಿ ಮಾಡುತ್ತಿದ್ದರು. ಸೈದಾನಬಿ ನನ್ನನ್ನು ಒಳಗೆ ಕರೆದು ಮಂಡಕ್ಕಿ ಒಗ್ಗರಣಿ ಕೊಟ್ಟಳು. ಕಂಪ್ಯೂಟರ್ ಇಡುತ್ತಿದ್ದ ಮೇಜನ್ನು ದಿನಾ ಒರೆಸುತ್ತಾಳೆಂದು ಕಾಣುತ್ತದೆ. ಅದರ ಮೇಲೆ ಸಿಪಿಯು ಕೂತಿದ್ದ ಚೌಕಾಕಾರದ ಗುರುತು ಹೊಳೆಯುತ್ತಿತ್ತು.

ನೀರು ಕಾಯಿಸಿ ಕೊಟ್ಟ ಮೇಲೆ ಏನು ಮಾಡಬೇಕೋ ತಿಳಿಯದೆ ಬಾಗಿಲಲ್ಲಿ ನಿಲ್ಲುತ್ತೇನೆ ಎಂದಳು. ನಾನು ಕೇಳದಿದ್ದರೂ ಆ ಫೋಟೊದ ಕತೆ ಹೇಳಿದಳು. ಯಾವಾಕೆಯೋ ಬಿಳಿಯಳು ತೆಗೆದದ್ದು. ಹರಿಗೋಲು ಒಂದೇ ಕಡೆ ತಿರುಗಿ ತಿರುಗಿ, ಹುಟ್ಟು ಕೈಜಾರಿ ನೀರಿಗೆ ಬಿದ್ದ ಹೊತ್ತು. ಹುಟ್ಟು ಹೋಯಿತೆಂದು ಅಬ್ಬಾ ದಂಡೆಯಿಂದ ಬೈಯುತ್ತಿದ್ದಾನೆ, ಇವನು ನಗುತ್ತಿದ್ದಾನೆ. ಹಸಿರು ಅಂಗಿ. ಮುಂದಿನ ಹಲ್ಲು ಅರ್ಧ ಮುರಿದದ್ದು. ಎಡಗೈ ಅರ್ಧ ಮೇಲಕ್ಕೆ ಎದ್ದಿದೆ, ತಾನು ಏನೂ ಮಾಡಿಲ್ಲ ಎನ್ನುವ ಹಾಗೆ.

ಅವಳು ಅಷ್ಟು ಹೇಳಿದ ಮೇಲೆ ನಾನು ಹೇಗೆ ಹೇಳಲಿ?

"ಹುಷಾರೈತೇನಪ್ಪ ಕಂಪ್ಯೂಟರು?" ಎಂದಳು. ಹುಷಾರಿದೆ ಎಂದೆ. ಒಗ್ಗರಣಿ ಪೂರ್ತಿ ತಿಂದೆ. ಎರಡನೇ ಸಲವೂ ಹಾಕಿಸಿಕೊಂಡೆ.

ಬಸ್ಸಿನ ಕಿಟಕಿಯಿಂದ ಗದ್ದೆಯಲ್ಲಿ ಕೊಕ್ಕರೆಗಳು ಕಂಡವು. ಆನೆಗೊಂದಿ ದಾಟುವವರೆಗೂ ಕಂಡವು. ಕಣ್ಣು ಮುಚ್ಚಿಕೊಂಡು ಗಂಗಾವತಿಗೆ ಬಂದೆ.

ಜುಲೈ ೨೨, ಮಂಗಳವಾರ

ಹೊಸ ಜಾಲತಾಣ ಮುಗಿಯಿತು. ತಲೆಬಾಗಿಲು ಹೊರಗೆ, ಪುಟಗಳು ಒಂದು ಕೋಣೆಯಲ್ಲಿ, ಚಿತ್ರಗಳು ಒಂದು ಕೋಣೆಯಲ್ಲಿ. ಯಾವ ಯಂತ್ರದಲ್ಲಿ ತೆರೆದರೂ ಕಾಣುತ್ತದೆ. ಹೇಮಾವತಿಯ ಫೋನಿನಲ್ಲಿ, ಎದುರಿನ ಔಷಧದ ಅಂಗಡಿಯ ದಾದೇಸಾಬರ ಫೋನಿನಲ್ಲಿ ಎಲ್ಲ ತೆರೆದು ನೋಡಿದೆ.

ಹಳೆಯದನ್ನೆಲ್ಲ ತೆಗೆದುಹಾಕಲು ಶಾಮೀದಸಾಬರು ಹೇಳಿದ್ದರು. ತೆಗೆಯಲಿಲ್ಲ. ಒಂಬತ್ತು ಪುಟಗಳನ್ನು ಅವು ಇದ್ದ ಹಾಗೇ, ಅವುಗಳ ಸಾಲುಗಳ ಸಮೇತ ಬೇರೆ ಇಟ್ಟೆ. ಫೋಲ್ಡರಿಗೆ 'ಹಳೇದು' ಎಂದು ಹೆಸರಿಡಬೇಕು, ನಿಯಮ ಅದೇ. 'ಈಗ ನಿಜವಾಗಿ' ಎಂದೇ ಬಿಟ್ಟೆ. ಮೂರು ಕಾಪಿ ತೆಗೆದೆ. ಒಂದು ಅಂಗಡಿಯಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಕೊಟ್ರಬಸಪ್ಪನವರ ಕಪಾಟಿನಲ್ಲಿ.

ಹೊಸ ಚಿತ್ರಗಳಿಗೂ ಒಂದೊಂದು ಸಾಲು ಬರೆಯುತ್ತಿದ್ದೆ. 'ಮೊದಲನೇ ಕೋಣಿ. ಬಾಗಿಲ ಬಡೀರಿ, ಇದು ಗಟ್ಟಿ ಐತಿ.' 'ಸೈದಾನಬಿ ಅವರ ಪುಂಡಿಪಲ್ಯ. ಈಗ ಪುಂಡಿಪಲ್ಯ ಅಂತನ ಹಾಕೇವಿ.' ಕೊಟ್ರಬಸಪ್ಪನವರು ಬಗ್ಗಿ ನೋಡಿ, ಯಾರೂ ಓದದ್ದನ್ನು ಯಾಕೆ ಬರೆಯುತ್ತೀ ಎಂದರು. ಚಿತ್ರ ಹೋದ ದಿನ ಓದುತ್ತಾರೆ ಎಂದೆ.

ಕಡೆಗೆ ನನ್ನ ಶಾಸನ ಸಿಕ್ಕಿತು. ಸೂರ್ಯ ಚಂದ್ರ, ಸಾವಿರ ಕವಿಲೆ. ಅದನ್ನು ಬರೆದದ್ದು ಫೋಲ್ಡರು ಅಳಿಸಿದ ಮೇಲೆ, ಅದೇ ದಿನ. ಬೇರೆಯವರಿಗೆಂದು ಬರೆದ ಶಾಪಕ್ಕೆ ಅಷ್ಟರಲ್ಲಾಗಲೇ ಗಿರಾಕಿ ಸಿಕ್ಕಿದ್ದ. ಅಳಿಸಲು ಹೋದೆ. ಕೈ ಬರಲಿಲ್ಲ. ಅದೂ ಅಲ್ಲೇ ಇದೆ.

ಮೂರನೇ ಪುಟದ ಸಾಲನ್ನೂ ಮುಟ್ಟಲಿಲ್ಲ.

ಜುಲೈ ೨೫, ಶುಕ್ರವಾರ

ಸಿಪಿಯು ಅದೇ ಬೆಡ್‌ಶೀಟಿನಲ್ಲಿ ಸುತ್ತಿ, ಆಟೊದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಒಬ್ಬನೇ ಆದ್ದರಿಂದ ಎರಡೂ ಕೈಯಲ್ಲಿ ಹಿಡಿಯಬೇಕಾಯಿತು. ದಾರಿಯುದ್ದಕ್ಕೂ 'ಅಮ್ಮಾ, ಒಂದು ಮಾತು' ಎಂದು ಹೇಳುವುದನ್ನು ಅಭ್ಯಾಸ ಮಾಡಿದೆ. ಆಟೊದವನು ಎರಡು ಸಲ ತಿರುಗಿ ನೋಡಿದ.

ಜೋಡಿಸಿ ಎಬ್ಬಿಸಿದೆ. ಜನವರಿ ಒಂದು, ೨೦೦೯. ಶಾಮೀದಸಾಬರಿಗೆ ಹೊಸ ಪುಟಗಳನ್ನು ತೋರಿಸಿದೆ. ಒಪ್ಪಿದರು. ಫೋನ್ ನಂಬರು ಇನ್ನೂ ದೊಡ್ಡದಾಗಿ ಬೇಕು ಎಂದರು. ಅಷ್ಟರಲ್ಲಿ ಸೈದಾನಬಿ ಕೈ ಒರೆಸಿಕೊಳ್ಳುತ್ತಾ ಬಂದು, ಕುರ್ಚಿ ಎಳೆದು ಕೂತು ಮೌಸ್ ಹಿಡಿದಳು. ನಾನು 'ಅಮ್ಮಾ, ಒಂದು' ಎನ್ನುವಷ್ಟರಲ್ಲಿ ಎರಡು ಸಲ ಒತ್ತಿ, ಮೂರನೇ ಶಬ್ದವನ್ನೂ ಒತ್ತಿದ್ದಳು.

ಬೂದು ಚೌಕಟ್ಟು ಬಂದಿತು.

"ಬರ್ತೈತಿ," ಎಂದಳು. "ಯಾವಾಗ್ಲೂ ತಡಾನ ಅದು."

ಮೂವರೂ ಕಾದೆವು. ಒಳಗೆ ಟಕ್ ಟಕ್ ಎಂದಿತು. ಹೊರಗೆ ಯಾರೋ ಭಕ್ತರು ನೀರು ಕೇಳಿದರು, ಯಾರೂ ಹೋಗಲಿಲ್ಲ. ಆಕೆ ಕುತ್ತಿಗೆ ಮುಂದೆ ಚಾಚಿ, ಒಳಗೆ ಏನೋ ಬರೆದಿದೆಯಲ್ಲ, ಚಷ್ಮಾ ಇಲ್ಲ, ಓದು ಎಂದಳು.

ಓದಿದೆ.

ಶಾಮೀದಸಾಬರು ಗೋಡೆಯ ಕಡೆ ತಿರುಗಿದರು. ಅಲ್ಲಿ ಏನೂ ಇರಲಿಲ್ಲ, ಒಂದು ಮೊಳೆ ಇತ್ತು. ಇನ್ನು ಸುಮ್ಮನಿದ್ದರೆ ಎಂದೂ ಹೇಳಲಾರೆನೆಂದು ನನಗೆ ಗೊತ್ತಾಯಿತು.

"ಫೋಟೊ ಇನ್ನ ಬರಂಗಿಲ್ಲ ಅಮ್ಮಾ," ಎಂದೆ. "ನಾನ ಅಳಿಸೀನಿ. ವೈರಸ್ ಅಂತ ಹೆಸರಿತ್ತು. ತಗದು ನೋಡ್ಲಿಲ್ಲ."

ಆಕೆಗಿಂತ ಮೊದಲು ಶಾಮೀದಸಾಬರಿಗೆ ಅರ್ಥವಾಯಿತು. ಆ ಹೆಸರು ಇಟ್ಟದ್ದು ಯಾಕೆಂದು ಹೇಳಿದರು. ಗಡ್ಡೆಯಲ್ಲಿ ಗಿರಾಕಿಗಳು ಇದೇ ಕಂಪ್ಯೂಟರಿನಲ್ಲಿ ಮೇಲ್ ನೋಡುತ್ತಿದ್ದರು, ಕೈಗೆ ಸಿಕ್ಕಿದ್ದನ್ನು ಕೆದರುತ್ತಿದ್ದರು. ಈ ಒಂದು ಫೋಟೊದ ತಂಟೆಗೆ ಬರಬಾರದೆಂದು ರೆಹಮಾನ ಅದನ್ನು ವೈರಸ್ ಮಾಡಿದ್ದ.

"ಊರೂರಿನವರು ಬಂದ್ರು, ಯಾರೂ ಮುಟ್ಟಲಿಲ್ಲ," ಎಂದರು. "ನೀ ಮುಟ್ಟಿದಿ." ಹೊರಗೆ ಹೋದರು.

ಸೈದಾನಬಿ ಪರದೆಯಿಂದ ಕಣ್ಣು ತೆಗೆದಿರಲಿಲ್ಲ. ಇನ್ನೊಮ್ಮೆ ಓದು ಎಂದಳು. ಓದಿದೆ. ನನ್ನ ದನಿ ನನಗೇ ಯಾರದೋ ಎನ್ನಿಸಿತು.

"ಅವ ನನಗ ಯವ್ವಾ ಅಂತಿದ್ದಿಲ್ಲ," ಎಂದಳು. "ಅಮ್ಮಿ ಅಂತಿದ್ದ."

ತಿರುಗಿ ನನ್ನನ್ನು ನೋಡಿದಳು. ಅವತ್ತು ಕಿವಿಯ ಹಿಂದಿನ ಬಣ್ಣ ಒರೆಸುವಾಗ ನೋಡಿದ ಹಾಗೆಯೇ. ನಾನು ಕೀಲಿಮಣೆಯ ಮೇಲಿನ ಅಕ್ಷರಗಳನ್ನು ನೋಡುತ್ತಾ ನಿಂತೆ.

"ಬರಿಯಾಕ ಕುಂತಾಗ ಹಂಗ ಅಂದಿರಬೇಕು," ಎಂದಳು. "ಅಕ್ಷರ ದೊಡ್ಡವ ಮಾಡು ಬೇಟಾ. ಚಷ್ಮಾ ಇಲ್ದ ಕಾಣಬೇಕು."

ಚೌಕಟ್ಟು ತುಂಬುವಷ್ಟು ದೊಡ್ಡದು ಮಾಡಿಕೊಟ್ಟೆ. ಆಕೆ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ತಾನೇ ಓದಿದಳು. ಆಮೇಲೆ ಉಳಿದ ನಲವತ್ತು ಸಾಲುಗಳಿವೆ ಎಂದು ಹೇಳಿ ಅವನ್ನೂ ಕಾಣಿಸುವ ಹಾಗೆ ಮಾಡಿದೆ. ಇಟಾಲಿಯನ್ ಪುಂಡಿಪಲ್ಯ ಓದಿದಾಗ ಆಕೆ ನಕ್ಕಳು, ನಗುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡಳು. ಕೊಳಲಿನದನ್ನು ಓದಿದಾಗ ಎದ್ದು ಒಳಗೆ ಹೋಗಿ ಆ ಕೊಳಲು ತಂದು ತೋರಿಸಿದಳು. ತುದಿ ಸುಟ್ಟಿತ್ತು.

ಹೊರಡುವಾಗ ಶಾಮೀದಸಾಬರು ಗೇಟಿನ ಹತ್ತಿರ ನಿಂತಿದ್ದರು. ನನ್ನ ಮುಖ ನೋಡಲಿಲ್ಲ. ತಾವು ನಕ್ಕದ್ದು ಒಂದಿದೆಯಂತಲ್ಲ, ಅದರ ಕೆಳಗೆ ಏನೋ ಬರೆದಿದ್ದಾನಂತೆ, ಹೌದೇ ಎಂದು ಕೇಳಿದರು. ಹೇಳಿದೆ. ತಲೆ ಅಲ್ಲಾಡಿಸಿದರು.

ಜುಲೈ ೨೬, ಶನಿವಾರ

ಸ್ವಸ್ತಿ ಶ್ರೀ.

ಬಿರುದುಗಳು ನೆನಪಾಗುತ್ತಿಲ್ಲ, ಇರಲಿ.

ಜಾಲತಾಣ ಚಾಲೂ ಆಯಿತು. ನಾಲ್ಕೂ ಕೋಣೆ ಭರ್ತಿ ಎಂದು ಶಾಮೀದಸಾಬರು ಕೊಟ್ರಬಸಪ್ಪನವರಿಗೆ ಫೋನ್ ಮಾಡಿದ್ದರಂತೆ. ಯವ್ವನಿಗೆ ಫೋನ್ ಮಾಡಿದ್ದೆ. ಮುಕ್ಕಾಲು ತಾಸು ಮಾತಾಡಿದ್ದಕ್ಕೆ ಜ್ವರ ಬಂದಿದೆಯೇ ಎಂದು ಕೇಳಿದಳು. ಹೇಮಾವತಿ ಸಿಪಿಯು ಹೋದ ಮೇಲೆ ಆ ಮೂಲೆಯಲ್ಲಿ ಕೂಡಲು ಹೆದರುವುದಿಲ್ಲ. ನಾನು ಕೂಡುವುದಿಲ್ಲ. ನೆಟಿಗೆ ಸದ್ದು ಇನ್ನೂ ಕೇಳುತ್ತದೆ.

ಒಂದು ತಿದ್ದುಪಡಿ.

ಜುಲೈ ಹದಿನಾಲ್ಕರಂದು ಆ ಸಾಲು ಸಿಕ್ಕಿತು ಎಂದು ಕೆತ್ತಿದ್ದೇನೆ. ಸಿಕ್ಕಿರಲಿಲ್ಲ. ನಲವತ್ತು ಚಿತ್ರಗಳಿಗೆ ಹರಟಿದ ರೆಹಮಾನ ತನ್ನ ಚಿತ್ರದ ಜಾಗದಲ್ಲಿ ಒಂದಕ್ಷರವನ್ನೂ ಬರೆದಿರಲಿಲ್ಲ. ಅವನ ಯಂತ್ರದಲ್ಲಿ ಬರೆದು ಅಂಗಡಿಯದಕ್ಕೂ ತಂದಿಟ್ಟವನು ನಾನು. ತಾರೀಕು ೨೦೦೯ ಆದದ್ದು ಆ ಸತ್ತ ಸೆಲ್ಲಿನ ದೆಸೆಯಿಂದ. ಹೇಮಾವತಿ ಅವನ ಯಂತ್ರದಲ್ಲಿ ತೋರಿಸು ಎಂದಾಗ ನಾನು ಸಿಕ್ಕಿಬಿದ್ದೆ ಎಂದುಕೊಂಡಿದ್ದೆ, ಅಲ್ಲಿ ಫೋಟೊ ಬರುತ್ತದೆ, ಆಟ ಮುಗಿಯುತ್ತದೆ ಎಂದು. ಫೋಟೊ ಬರಲಿಲ್ಲ, ಸಾಲು ಬಂದಿತು. ರೋಮ ನಿಂತದ್ದು ಅದಕ್ಕೆ. ಅದು ಮಾತ್ರ ನಿಜ.

ಫೋಟೊ ಅಳಿಸಿದ್ದನ್ನು ಸೈದಾನಬಿಗೆ ಹೇಳಿದೆ. ಇದನ್ನು ಹೇಳಲಿಲ್ಲ. ಆಕೆ ಈ ಹೊತ್ತಿಗೆ ನೀರು ಕಾಯಿಸಿ ಮುಗಿಸಿ, ಬೆರಳಿಟ್ಟು ಓದುತ್ತಿರುತ್ತಾಳೆ, ಹೇಮಾವತಿಯನ್ನು ಹೆದರಿಸಲೆಂದು ನಾನು ಶೇಂಗಾ ತಿನ್ನುತ್ತಾ ಎರಡು ನಿಮಿಷದಲ್ಲಿ ಬರೆದದ್ದನ್ನು.